ಎಡಗೈಯ ದಾರ

ಮುಚ್ಚಮ್ಮ ಅದನ್ನ! ಮುಚ್ಚು ಅಂದ್ನಲ್ಲ... ಅಂಟಕ್ಕಿ ಅನ್ನ, ಸುಟ್ಟ ಹಂದಿಮಾಂಸ, ಅದೂ ಸ್ಕ್ಯಾನಿಂಗ್ ಕೋಣೆ ಬಾಗಿಲಲ್ಲಿ! ಒಳಗೆ ನಿನ್ನ ಮೊಮ್ಮಗಳು ಮುಕ್ದಾಳ ಕೈಯಲ್ಲಿ ರಕ್ತ ಎಲ್ಲಿ ಹೆಪ್ಪುಗಟ್ಟಿದೆ ಅಂತ ಹುಡುಕ್ತಿದ್ದಾರೆ, ಹೊರಗೆ ನೀನು ಬುಟ್ಟಿ ಬಿಚ್ಚಿಕೊಂಡು ಕೂತಿದ್ದೀಯ. ಏನು? ನನಗಾ? ನನಗೆ ಬೇಡ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಗೊತ್ತು. ಬೇಡ.

ಹಾಗೆ ನೋಡಬೇಡ. ಊರಿಂದ ಈ ಕೋನ್‌ಕೇನ್ ದೊಡ್ಡಾಸ್ಪತ್ರೆವರೆಗೆ ಒಂದೂವರೆ ಗಂಟೆ, ಒಂದು ಮಾತೂ ಆಡಲಿಲ್ಲ ನೀನು. ಡಾಕ್ಟರ್ ಹೇಳಿದ್ದು ಕೇಳಿಸ್ತಲ್ಲ? ನನ್ನ ಪಕ್ಕದಲ್ಲೇ ನಿಂತಿದ್ದೆ. ರಕ್ತದ ಕ್ಯಾನ್ಸರ್ ಇರೋ ಮಕ್ಕಳಲ್ಲಿ ಇದು ಆಗುತ್ತೆ, ಕೊಡೋ ಇಂಜೆಕ್ಷನ್‌ನಿಂದಲೇ ಆಗುತ್ತೆ. ತೋಳಲ್ಲಿ ಔಷಧದ ನಳಿಗೆ ಬೇರೆ ಇದೆ. ಹತ್ತು ವರ್ಷ ದಾಟಿದ ಮಗು ಆದ್ರೆ ಜಾಸ್ತಿ. ದಪ್ಪ ಇದ್ರೆ ಇನ್ನೂ ಜಾಸ್ತಿ. ದಪ್ಪ ಇದ್ರೆ, ಅಮ್ಮ! ಹನ್ನೊಂದು ವರ್ಷಕ್ಕೆ ಅರವತ್ತೆಂಟು ಕಿಲೋ! ಯಾರು ಮಾಡಿದ್ದು? ನಾನಾ?

ಆ ಸ್ಟೀರಾಯ್ಡ್ ಗುಳಿಗೆ ನುಂಗಿದ್ರೆ ಹಸಿವು ದೆವ್ವದ ಹಾಗೆ ಹಿಡ್ಕೊಳ್ಳುತ್ತೆ, ಅದು ಹಸಿವಲ್ಲ, ಗುಳಿಗೆ ಕೂಗ್ತಿರೋದು ಅಂತ ಎಷ್ಟು ಸಲ ಹೇಳಿದೆ? ಶಾಲೆಯಲ್ಲಿ ನಲವತ್ತು ಮಕ್ಕಳಿಗೆ ರಸಾಯನಶಾಸ್ತ್ರ ಅರ್ಥ ಮಾಡಿಸ್ತೀನಿ, ಮನೆಯಲ್ಲಿ ಒಬ್ಬಳು ಅಮ್ಮನಿಗೆ ಇದನ್ನ ಅರ್ಥ ಮಾಡಿಸೋಕೆ ಆಗಲಿಲ್ಲ. ನಾನು ಸ್ಕೂಲಿಗೆ ಹೋಗೋದೇ ತಡ... ರೊಟ್ಟಿ ಮೇಲೆ ಸಿಹಿ ಹಾಲು, ಬಾಳೆಹಣ್ಣಿನ ಬಜ್ಜಿ. ಕೇಳಿದ್ರೆ, 'ಮಗು ಕೇಳ್ತು, ಕೊಟ್ಟೆ.' ಕೆನ್ನೆ ಊದಿಕೊಂಡಿದ್ದಕ್ಕೆ 'ಹುಡುಗಿ ಮೈ ಹಿಡೀತಿದ್ದಾಳೆ, ರೋಗ ಹೋಯ್ತು' ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದೆ!

ಮೂರು ತಿಂಗಳಿಂದ ಅವಳ ತೂಕ ದಿನಾ ಬರೆದಿಟ್ಟವಳು ನಾನು. ಇಂಗ್ಲಿಷ್ ಲೇಖನ ಓದಿದವಳು ನಾನು. ಆಸ್ಪತ್ರೆಯವರು ಕೊಟ್ಟ ಹಾಳೆಯನ್ನ ಫ್ರಿಜ್ ಬಾಗಿಲಿಗೆ ಅಂಟಿಸಿದವಳು ನಾನು. 'ಒಂದೇ ಕೈ ಅಥವಾ ಒಂದೇ ಕಾಲು ಊದಿದರೆ ತಕ್ಷಣ ಬನ್ನಿ.' ದಪ್ಪ ಅಕ್ಷರದಲ್ಲಿ. ನಿನಗೆ ಓದಲು ಬರುತ್ತಲ್ಲ? ದಿನಕ್ಕೆ ಇಪ್ಪತ್ತು ಸಲ ಅದೇ ಬಾಗಿಲು ತೆಗೀತೀಯ.

...ಹೌದು, ನಾನೂ ತೆಗೀತೀನಿ. ಅದಕ್ಕೇನೀಗ?

ಮತ್ತೆ ಕಳೆದ ಭಾನುವಾರದ್ದು! ಬೇಡ ಬೇಡ ಅಂದ್ರೂ ಅರ್ಧ ಊರನ್ನೇ ಕರೆದೆ. ಹೆದರಿ ಓಡಿಹೋದ ಜೀವಕಳೆಯನ್ನ ದಾರ ಕಟ್ಟಿ ವಾಪಸ್ ಕರೆಸ್ತಾರಂತೆ. ಮೈಯಲ್ಲಿ ಬಿಳಿ ರಕ್ತಕಣವೇ ಇಲ್ಲದ ಮಗು, ಸೋಂಕು ತಗಲುತ್ತೆ ಅಂತ ಬಡ್ಕೊಂಡೆ. ಎಲ್ಲರೂ ಮಾಸ್ಕ್ ಹಾಕ್ಕೊಂಡು ಬಂದ್ರು! 'ತಾತ, ಮಾಸ್ಕ್ ಹಾಕ್ಕೊಂಡು ಕರೆದ್ರೆ ಜೀವಕಳೆಗೆ ಕೇಳಿಸುತ್ತಾ?' ಅಂದೆ. ಆ ಮಂತ್ರದ ತಾತ ನಕ್ಕುಬಿಟ್ಟ. ನೀನು ಮಾತ್ರ ನಗಲಿಲ್ಲ. ಎರಡೂ ಮಣಿಕಟ್ಟಿಗೆ ಬಿಳಿ ದಾರ, ಒಂದೊಂದಕ್ಕೂ ಹತ್ತೊಂಬತ್ತು. ನೀನು ಪಕ್ಕದಲ್ಲೇ ಕೂತು ಪ್ರತಿಯೊಂದಕ್ಕೂ ಬೆರಳು ತೂರಿಸಿ ನೋಡ್ತಿದ್ದೆ, 'ಒಂದು ಬೆರಳಿನ ಜಾಗ ಬಿಡಿ, ಮಗೂಗೆ ಕಚ್ಚಬಾರದು' ಅಂತ. ಎಷ್ಟು ಲೆಕ್ಕಾಚಾರ! ಆ ಶ್ರದ್ಧೆ ಊಟದಲ್ಲಿ ಇದ್ದಿದ್ರೆ...

ಏನು? ಯಾಕೆ ನನ್ನ ಕೈ ನೋಡ್ತಿದ್ದೀಯ?

ನಾನೇನು ಆ ಮಗುವನ್ನ ಅಲಕ್ಷ್ಯ ಮಾಡಿದೀನಾ? ಎಡತೋಳಿನ ನಳಿಗೆಗೆ ನೀರು ತಾಗಬಾರದು ಅಂದ್ರು. ಸ್ನಾನಕ್ಕೆ ಮುಂಚೆ ತೋಳಿಂದ ಬೆರಳ ತುದಿವರೆಗೆ ಪ್ಲಾಸ್ಟಿಕ್ ಸುತ್ತಿ, ಟೇಪ್ ಹಾಕಿ... ಮೂರು ತಿಂಗಳಲ್ಲಿ ಆ ಕೈ ಮೇಲೆ ಒಂದು ಹನಿ ನೀರು ಬಿದ್ದಿಲ್ಲ. ಒಂದು ಹನಿ! ಬೇಕಾದ್ರೆ ಮುಕ್ದಾಳನ್ನೇ ಕೇಳು.

...

ಏನಮ್ಮ? ನಿನ್ನ ಮಣಿಕಟ್ಟು ಯಾಕೆ ಮುಟ್ಟಿ ತೋರಿಸ್ತಿದ್ದೀಯ?

ಓ. ದಾರನಾ? ಹೇಳಿದ್ನಲ್ಲ ಅವತ್ತೇ. ಸ್ನಾನ ಮಾಡಿಸುವಾಗ ನೆಂದು ಬಿಚ್ಚಿಕೊಂಡವು. ಎಡಗೈಯವು ಮಾತ್ರ... ಬಲಗೈಯವು ಹಾಗೇ ಇವೆ, ನೋಡಿದೀಯಲ್ಲ. ಹೌದು, ಒಂದು ಹನಿ ಬಿದ್ದಿಲ್ಲ ಅಂದೆ. ಅಂದೆ, ಏನೀಗ? ಪ್ಲಾಸ್ಟಿಕ್ ಎಲ್ಲೋ ಸಡಿಲ ಆಗಿರಬಹುದು. ಮಾತಿಗೆ ಮಾತು ಹಿಡೀತೀಯಾ? ಬಾಯೇ ಬಿಡದೆ ಹಿಡೀತೀಯಲ್ಲಮ್ಮ ನೀನು!

ಅವನ್ನ ಕಟ್ಟಿಕೊಂಡು ಏನಾಗಬೇಕಿತ್ತು ಹೇಳು. ಕೊಳೆ ದಾರ, ಕ್ರಿಮಿಗಳ ಗೂಡು. 'ಅಮ್ಮ, ಎಡಗೈಯಲ್ಲಿ ಬಿಗಿ ಆಗ್ತಿದೆ' ಅಂದ್ಲು... ಇಡೀ ದಿನ ತಿಂದ್ರೆ ಬಿಗಿ ಆಗದೆ ಇನ್ನೇನಾಗುತ್ತೆ? ಅಜ್ಜಿ ಅನ್ನ ಕೊಡ್ತಾಳೆ, ಅಜ್ಜಿಯ ದಾರ ಬಿಗಿಯುತ್ತೆ ಅಂತ ತಮಾಷೆ ಮಾಡಿದೆ. ಅವಳೂ ನಕ್ಕಳು. ಅಷ್ಟೇ.

ಇಲ್ಲ, ಬುಧವಾರ ಅಲ್ಲ. ಬುಧವಾರ ಅಂತ ಯಾರು ಹೇಳಿದ್ದು? ನೀನು ಬುಧವಾರ ವಿಹಾರಕ್ಕೆ ಹೋಗಿದ್ದೆ, ಭಿಕ್ಷುಗಳಿಗೆ ಊಟ ಕೊಡೋಕೆ, ನಿನಗೇನು ಗೊತ್ತು?

ಅದೇನದು ಸೊಂಟದ ಬಟ್ಟೆ ಗಂಟಲ್ಲಿ... ಬಿಚ್ಚಬೇಡ. ಅಮ್ಮ, ಇಲ್ಲಿ ಬೇಡ.

...ಕಸದ ಬುಟ್ಟಿಯಿಂದ ಆರಿಸಿದ್ಯಾ? ಎಲ್ಲವನ್ನೂ?

ಹೂಂ. ಬುಧವಾರವೇ, ಕತ್ತರಿಯಲ್ಲಿ ಕತ್ತರಿಸಿದೆ. ಬಿಚ್ಚಿಕೊಂಡ ದಾರಕ್ಕೆ ಗಂಟು ಇರಲ್ಲ, ಇದಕ್ಕೆಲ್ಲ ಗಂಟು ಗಂಟಾಗೇ ಇದೆ. ಗೊತ್ತಮ್ಮ. ಕತ್ತರಿ ಬಾಯಿ ಒಳಗೆ ಹೋಗ್ತಿರಲಿಲ್ಲ. ಬೆರಳಲ್ಲ, ಕತ್ತರಿ ತುದಿಗೂ ಜಾಗ ಇರಲಿಲ್ಲ. ದಾರ ತೆಗೆದ ಮೇಲೆ ಚರ್ಮದಲ್ಲಿ ಗೆರೆ ಗೆರೆಯಾಗಿ ಗುರುತು. ಬಲಗೈಯಲ್ಲಿ... ಬಲಗೈಯಲ್ಲಿ ಅವಳು ದಾರವನ್ನ ಬಳೆ ಹಾಗೆ ತಿರುಗಿಸ್ತಾ ಕೂತಿದ್ಲು. ನಾನು ನೋಡಿದೆ. ನೋಡಿದೆ ಅಮ್ಮ. ಕೊಬ್ಬು ಒಂದೇ ಕೈಗೆ ಬರುತ್ತಾ? ನನ್ನ ಶಾಲೆಯ ಚಿಕ್ಕ ಮಕ್ಕಳಿಗೂ ಗೊತ್ತಾಗೋ ವಿಷಯ. ಆದ್ರೆ ಆ ಹೊತ್ತಿಗೆ ನಿನ್ನ ಮೇಲೆ ಎಷ್ಟು ಸಿಟ್ಟಿತ್ತು ಅಂದ್ರೆ... ಆ ದಾರ ಸರಿ ಹೇಳ್ತಿರಬಹುದು ಅಂತ ಅನ್ನಿಸೋಕೇ ಬಿಡಲಿಲ್ಲ ಸಿಟ್ಟು. ನನ್ನ ತಕ್ಕಡಿಯಲ್ಲಿ ನಾನು ಎರಡು ತೂಕ ಓದ್ತಿದ್ದೆ, ಅವಳ ಮೈಯದ್ದು, ನಿನ್ನ ತಪ್ಪಿನದ್ದು. ಕೈ ಅಳೆದದ್ದು ನಿನ್ನ ದಾರ.

ನಿನ್ನೆ ಮೆಟ್ಟಿಲು ಹತ್ತುವಾಗ ಏದುಸಿರು ಬಿಟ್ಟಳಲ್ಲ... ಅದೂ ನೋಡಿದ್ಯಾ? 'ತಿನ್ನೋದು ಕಮ್ಮಿ ಮಾಡು' ಅಂತ ಬೈದೆ.

ಡಾಕ್ಟರ್ ಕೇಳಿದ್ದು ಎರಡೇ ಪ್ರಶ್ನೆ. ಎಂದಿನಿಂದ ಊದಿದೆ? ಉಸಿರಾಟಕ್ಕೆ ಕಷ್ಟ ಆಗಿತ್ತಾ? ಬುಧವಾರದಿಂದ ಅನ್ನೋ ಬದಲು ಇವತ್ತು ಬೆಳಿಗ್ಗೆಯಿಂದ ಅಂದೆ. ಉಸಿರಾಟ ಚೆನ್ನಾಗಿದೆ ಅಂದೆ. ಅವರು ಅದನ್ನೇ ಬರಕೊಂಡ್ರು. ದಿನಗಳಾಗಿದ್ರೆ ಹೆಪ್ಪಿನ ಚೂರು ಒಡೆದು ಶ್ವಾಸಕೋಶಕ್ಕೆ ಹೋಗಿರಬಹುದು, ಎದೆಯನ್ನೂ ನೋಡಬೇಕಾಗುತ್ತೆ ಅಂದ್ರು. ಆಮೇಲೆ, 'ಇವತ್ತಿನದೇ ಅಂದ್ರೆ ಸದ್ಯಕ್ಕೆ ಕೈ ಸಾಕು' ಅಂದ್ರು. ನೀನು ಪಕ್ಕದಲ್ಲೇ ಇದ್ದೆ. ಆಗಲೇ ಹೇಳಬಹುದಿತ್ತಲ್ಲಮ್ಮ! ನರ್ಸ್ ಮುಂದೆ, ಡಾಕ್ಟರ್ ಮುಂದೆ, 'ಇವಳು ಸುಳ್ಳು ಹೇಳ್ತಿದ್ದಾಳೆ' ಅಂತ!

...ನಾನೇ ಹೇಳಲಿ ಅಂತ.

ಬಾಗಿಲು ತೆಗೀತಿದ್ದಾರೆ. ಹಾಂ, ಬಂದೆ ನರ್ಸ್, ಬಂದೆ. ಮುಕ್ದಾಳ ತಾಯಿ ನಾನೇ. ಒಂದು ನಿಮಿಷ, ಡಾಕ್ಟರ್ ಹೋಗಬಾರದು ಅಂತ ಹೇಳಿ, ಅವರಿಗೆ ಒಂದು ವಿಷಯ...

ಕೊಡಮ್ಮ ಆ ದಾರ. ನೀನೂ ಬಾ. ಏನೂ ಹೇಳಬೇಡ. ನನ್ನ ಪಕ್ಕದಲ್ಲಿ ನಿಂತ್ಕೋ, ಇಷ್ಟು ಹೊತ್ತು ಕೂತಿದ್ಯಲ್ಲ... ಹಾಗೇ.