ಜೌಗಿನ ಗುಟ್ಟು ಮತ್ತು ನನ್ನ ಎಡಗಾಲು

ಈ ಸಂಜೆಯ ಅಧ್ಯಕ್ಷತೆ ವಹಿಸಿರುವ ಪುರಸಭೆಯ ಮೈ-ಲಿಸ್ ಅವರೇ, ಊಮಿಯೊ ನಗರದಿಂದ ಇಷ್ಟು ದೂರ ಬಸ್ಸಿನಲ್ಲಿ ಬಂದಿರುವ ಅತಿಥಿಗಳೇ, ಆರೋಗ್ಯ ಕೇಂದ್ರದ ವೈದ್ಯರಾದ ಇಂಗೆಮಾರ್ ಅವರೇ, ನಮ್ಮ ಕಂಪನಿಯ ಮೂರೂ ಚಿಕಿತ್ಸಾಲಯಗಳ ಸಹೋದ್ಯೋಗಿಗಳೇ, ನಿಮ್ಮ ಮೊಣಕಾಲು, ಸೊಂಟ, ಭುಜಗಳನ್ನು ನಮ್ಮ ಕೈಗೆ ಒಪ್ಪಿಸಿ, ಬಹುಮಟ್ಟಿಗೆ ಸರಿಯಾಗಿಯೇ ವಾಪಸ್ ಪಡೆದಿರುವ ಸಭಿಕರೇ, ಮತ್ತು ಮುಂದಿನ ಸಾಲಿನಲ್ಲಿ ಕೂತು ‘ಬೇಗ ಮುಗಿಸು’ ಎಂದು ಕಣ್ಣಲ್ಲೇ ಗದರಿಸುತ್ತಿರುವ ಗುಡ್ರುನ್,

ಇವತ್ತು ಗುಡ್ರುನ್ ನಿವೃತ್ತಳಾಗುತ್ತಿದ್ದಾಳೆ. ಸಭೆಯ ಮರ್ಯಾದೆಗೆ ನಾನು ‘ಗುಡ್ರುನ್ ಅವರು’ ಎನ್ನಬೇಕಿತ್ತು. ಆದರೆ ಹಾಗೆ ಕರೆದರೆ, ಯಾರನ್ನು ಕರೆದನಪ್ಪಾ ಎಂದು ಅವಳು ಹಿಂದೆ ತಿರುಗಿ ನೋಡುತ್ತಾಳೆ. ಹಳೆಯ ಅಂಚೆ ಕಚೇರಿಯ ಖಾಲಿ ಕಟ್ಟಡದಲ್ಲಿ ನಾವಿಬ್ಬರೂ ಎರಡು ಮಂಚ, ಒಂದು ಕನ್ನಡಿ ಇಟ್ಟುಕೊಂಡು ಈ ಕಂಪನಿ ಶುರುಮಾಡಿದಾಗ ಊರಿನವರು ಕೇಳಿದ್ದರು: ‘ಇದೆಂಥ ಆಸ್ಪತ್ರೆ ಮಾರಾಯ್ರೇ, ರಾತ್ರಿ ಮಲಗೋಕೇ ಜಾಗ ಇಲ್ವಲ್ಲ?’ ನಮ್ಮಲ್ಲಿ ಮಲಗುವುದಿಲ್ಲ ಸ್ವಾಮಿ, ನಮ್ಮಲ್ಲಿ ಏಳುವುದು. ಬರುತ್ತೀರಿ, ಬೆವರುತ್ತೀರಿ, ನಮ್ಮನ್ನು ಬೈದುಕೊಂಡು ಮನೆಗೆ ಹೋಗುತ್ತೀರಿ. ನಮ್ಮಲ್ಲಿ ಜನ ನಿದ್ದೆ ಹೋಗುವುದು ನನ್ನ ಭಾಷಣಗಳ ಹೊತ್ತಿನಲ್ಲಿ ಮಾತ್ರ.

ನಮ್ಮ ವೃತ್ತಿಯ ಚರಿತ್ರೆಯ ಬಗ್ಗೆ ನಾಲ್ಕು ಮಾತಾಡಬೇಕೆಂದು ಸಂಘಟಕರ ಅಪ್ಪಣೆ. ಇನ್ನೂರು ವರ್ಷಗಳ ಹಿಂದೆ ಸ್ಟಾಕ್‌ಹೋಮಿನಲ್ಲಿ ಒಬ್ಬ ಕತ್ತಿವರಸೆಯ ಮೇಷ್ಟರಿದ್ದರು. ಅವರಿಗೆ ತೋಳು ನೋವು. ಮದ್ದಿಗೆ ಬಗ್ಗದ ನೋವು, ದಿನವೂ ಕತ್ತಿ ಬೀಸಿ ಬೀಸಿ ಬಿಟ್ಟುಹೋಯಿತಂತೆ. ಅಷ್ಟಕ್ಕೆ ಸುಮ್ಮನಿದ್ದರೆ ನಾನೀಗ ಇಲ್ಲಿ ನಿಲ್ಲುತ್ತಿರಲಿಲ್ಲ. ಅವರು ರಾಜನ ಒಪ್ಪಿಗೆ ಪಡೆದು ಕಸರತ್ತಿನ ಶಾಲೆಯನ್ನೇ ತೆರೆದರು. ಅಲ್ಲಿ ಕಲಿತು ಬಂದವರನ್ನು ಜನ ‘ರೋಗಿಗಳ ಕಸರತ್ತಿನವರು’ ಎಂದು ಕರೆದರು. ವೈದ್ಯರು ನಕ್ಕರು. ಮೊದಮೊದಲು ಈ ಕೆಲಸ ಮಾಡುತ್ತಿದ್ದವರು ಸೇನೆಯ ಅಧಿಕಾರಿಗಳು, ಮೀಸೆ ತಿರುವಿಕೊಂಡು. ಆಮೇಲೆ ಹೆಂಗಸರು ಬಂದರು, ಕೆಲಸ ನಿಜವಾಗಿ ಶುರುವಾಯಿತು. ಪೋಲಿಯೋ ಬಂದ ವರ್ಷಗಳಲ್ಲಿ ಮಕ್ಕಳನ್ನು ಎರಡು ಕಂಬಿಗಳ ನಡುವೆ ನಿಲ್ಲಿಸಿ, ಅತ್ತರೂ ಬಿಡದೆ, ತಾವೂ ಅತ್ತು ನಡೆಸಿದವರು ಅವರೇ. ಈಚೆಗೆ ಸರ್ಕಾರ ನಮಗೆ ಫಿಸಿಯೋಥೆರಪಿಸ್ಟ್ ಎಂಬ ಹೊಸ ಹೆಸರಿಟ್ಟಿದೆ. ಆದರೆ ನಮ್ಮ ಹಳ್ಳಿಗಳ ಹಿರಿಯರು ಈಗಲೂ ಹಳೆಯ ಹೆಸರಿನಲ್ಲೇ ಕರೆಯುತ್ತಾರೆ, ನಾವೂ ಓಗೊಡುತ್ತೇವೆ.

ಆ ಮೇಷ್ಟರಿಂದ ನಮಗೆ ವಿದ್ಯೆ ಬಂತು. ಅದರ ಜೊತೆಗೆ ಒಂದು ರೋಗವೂ ಬಂತು. ‘ನನ್ನ ಮೈ ನನಗೆ ಗೊತ್ತು, ನಾನೇ ನೋಡಿಕೊಳ್ಳುತ್ತೇನೆ’ ಎನ್ನುವ ರೋಗ. ಇದು ನಮ್ಮವರಲ್ಲಿ ಯಾರಿಗಿಲ್ಲ ಹೇಳಿ? ನನಗಂತೂ ಚೆನ್ನಾಗಿಯೇ ಇದೆ.

ಹೋದ ವರ್ಷ ಆಗಸ್ಟಿನ ಒಂದು ಬೆಳಿಗ್ಗೆ ನನ್ನ ಎಡಪಾದ ಮೇಲೇಳಲಿಲ್ಲ. ನೋವಿಲ್ಲ, ಊತವಿಲ್ಲ. ಹೆಜ್ಜೆ ಎತ್ತಿದರೆ ಪಾದ ಜೋತುಬಿದ್ದು ನೆಲಕ್ಕೆ ಪಟಾರ್ ಎಂದು ಬಡಿಯುತ್ತಿತ್ತು. ನಿಮ್ಮಲ್ಲಿ ಹಲವರಿಗೆ ಬಡಗಿ ಟೂರೆಯ ನೆನಪಿರಬಹುದು. ಅವನಿಗೂ ಹೀಗೇ ಶುರುವಾಗಿತ್ತು. ನೋವಿಲ್ಲದೆ ಮೊದಲು ಪಾದ ಹೋಯಿತು, ಆಮೇಲೆ ಕೈ, ಆಮೇಲೆ ಮಾತು, ಕೊನೆಗೆ ಉಸಿರು. ಅವನ ಕೊನೆಯವರೆಗೂ ಅವನ ಮನೆಗೆ ಹೋಗಿಬರುತ್ತಿದ್ದವರು ನಾನು ಮತ್ತು ಗುಡ್ರುನ್. ಆದ್ದರಿಂದ ನನಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಟೂರೆಗೆ ಅದುರುತ್ತಿದ್ದ ಹಾಗೆ ಕಾಲಿನ ಮಾಂಸಖಂಡ ಅದುರುತ್ತದೆಯೇ ಎಂದು ಬಟ್ಟೆ ಸರಿಸಿ ದಿಟ್ಟಿಸಿದೆ. ಅಷ್ಟು ದಿಟ್ಟಿಸಿದರೆ ಯಾರ ಕಾಲಾದರೂ ಅದುರುತ್ತದೆ. ನನ್ನದೂ ಅದುರಿತು. ನಾನು ಸಾಯುತ್ತೇನೆ ಎಂದು ನಿಶ್ಚಯಿಸಿಕೊಂಡೆ.

ಸಹೋದ್ಯೋಗಿಗಳೇ, ನೀವೆಲ್ಲ ಜನರ ಮುಖಕ್ಕಿಂತ ಮೊದಲು ನಡಿಗೆ ನೋಡುವವರು. ನಿಮ್ಮ ಕಣ್ಣು ತಪ್ಪಿಸುವುದು ಸುಲಭವೇ? ಆ ತಿಂಗಳು ಟವೆಲ್ ತುಂಬಿದ ಗಾಡಿಯನ್ನು ನಾನೇ ತಳ್ಳಿಕೊಂಡು ಓಡಾಡುತ್ತಿದ್ದೆನಲ್ಲ, ಯಜಮಾನನಿಗೆ ಎಷ್ಟು ಸರಳತೆ ಎಂದು ನೀವು ಮಾತಾಡಿಕೊಂಡಿರಂತೆ. ಅದು ಸರಳತೆಯಲ್ಲ, ಊರುಗೋಲು.

ಇಂಗೆಮಾರ್ ಅವರ ಹತ್ತಿರ ಮಾತ್ರ ಹೋದೆ. ಅವರು ಕೇಳಬೇಕಾದ್ದನ್ನೇ ಕೇಳಿದರು: ‘ಈಚೆಗೆ ಕುಕ್ಕರಗಾಲಲ್ಲಿ ಕೂತು ಏನಾದ್ರೂ ಕೆಲಸ ಮಾಡಿದ್ಯಾ ಓಸ್ಟೆನ್? ರಜೆಯಲ್ಲಿ ಎಲ್ಲಿದ್ದೆ?’

‘ಎಲ್ಲೂ ಇಲ್ಲಪ್ಪ. ಮನೇಲೇ ಇದ್ದೆ, ಪುಸ್ತಕ ಓದ್ತಾ’ ಎಂದೆ.

ಸುಳ್ಳು. ಅಪ್ಪಟ ಸುಳ್ಳು. ನಾನು ಜೌಗಿನಲ್ಲಿದ್ದೆ, ಯೂರ್ಟ್ರೋನ್ ಹಣ್ಣು ಕೀಳುತ್ತಾ. ಚಿನ್ನದಂಥ ಬೆಲೆಯ, ಹೊಂಬಣ್ಣದ ಆ ಕಾಡುಹಣ್ಣು ಸಿಗುವ ಜಾಗವನ್ನು ನಮ್ಮ ಸೀಮೆಯಲ್ಲಿ ಯಾರು ಯಾರಿಗೆ ಹೇಳುತ್ತಾರೆ? ಮನೆಯ ಬೀಗದ ಕೈ ಕೊಟ್ಟಾರು, ಜೌಗಿನ ದಾರಿ ಹೇಳರು. ಅದರ ಮೇಲೆ ಇಂಗೆಮಾರ್ ಅವರ ತಾಯಿಯ ಮನೆ ಆ ಜೌಗಿಗೆ ಕೂಗಳತೆ ದೂರ, ಅವರ ಕಾರಿನ ಹಿಂದೆ ಸದಾ ಎರಡು ಬಕೆಟ್ಟು. ಪ್ರಾಣ ಹೋಗುತ್ತಿದ್ದರೂ ಈ ಮನುಷ್ಯನಿಗೆ ಹೇಳಲು ನಾಲಿಗೆ ಏಳಲಿಲ್ಲ. ಡಾಕ್ಟರೇ, ನಗಬೇಡಿ. ನನ್ನ ಜಾಗದಲ್ಲಿ ನೀವಿದ್ದರೆ ಹೇಳುತ್ತಿದ್ದಿರಾ? ಹೋಗಲಿ, ಬೇರೆ ಕಾರಣ ಕಾಣದೆ ಅವರ ಮುಖವೂ ಬಾಡಿತು. ದೊಡ್ಡಾಸ್ಪತ್ರೆಯ ನರತಜ್ಞರಿಗೆ ಬರೆದುಕೊಟ್ಟರು. ಅಲ್ಲಿಯ ಸರದಿ ನಿಮಗೆ ಗೊತ್ತೇ ಇದೆ, ಎಲೆ ಉದುರುವ ಕಾಲಕ್ಕೆ ಬಾ ಎಂದರು.

ಕಾಯುವವನು ಏನು ಮಾಡುತ್ತಾನೆ? ತನ್ನ ಹಿಂದೆ ಏನು ಉಳಿಯುತ್ತದೆ ಎಂದು ಯೋಚಿಸುತ್ತಾನೆ. ನನ್ನ ಅಪ್ಪ ಆಸ್ಪತ್ರೆಯ ಮಂಚದ ಮೇಲೆ, ನನ್ನ ಕಿವಿಯನ್ನು ಬಾಯಿ ಹತ್ತಿರ ಎಳೆದುಕೊಂಡು ಆ ಜಾಗ ಹೇಳಿ ಕಣ್ಣು ಮುಚ್ಚಿದ. ಅಮ್ಮನಿಗೂ ಹೇಳಿರಲಿಲ್ಲ. ಅವನ ಅಪ್ಪನೂ ಹಾಗೆಯೇ. ನನಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಮದುವೆಗೆ ಪುರುಸೊತ್ತು ಸಿಗಲಿಲ್ಲ ಎಂದು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ, ಅದೂ ಪೂರ್ತಿ ನಿಜವಲ್ಲ, ಇರಲಿ. ಯಾರಿಗೆ ಹೇಳಲಿ ಎಂದು ನಾನು ಯೋಚಿಸಲೇ ಇಲ್ಲ. ಕಾಫಿ ಹೊತ್ತಿನಲ್ಲಿ ನೀವೆಲ್ಲ ಏಲಕ್ಕಿ ಬನ್ನು ಹಿಡಿದು ಬಿಸಿಲಿಗೆ ಹೋದಾಗ ಗುಡ್ರುನ್‌ಳನ್ನು ಸಾಮಾನಿನ ಕೋಣೆಗೆ ಕರೆದೆ. ಕಸರತ್ತಿನ ದೊಡ್ಡ ದೊಡ್ಡ ಚೆಂಡುಗಳ ನಡುವೆ ನಿಂತು, ‘ನಿಂಗೊಂದು ಜಾಗ ಹೇಳ್ಬೇಕು. ಸೇತುವೆ ದಾಟಿ ಎಡಕ್ಕೆ...’ ಎಂದು ಶುರುಮಾಡಿದೆ. ಪೂರ್ತಿ ಹೇಳಿ ಮುಗಿಸಿದೆ.

ಅವಳು ನನ್ನನ್ನೇ ನೋಡಿದಳು. ‘ಅದನ್ನ ಸಾಯೋವಾಗ ಹೇಳೋದಲ್ವೇನೋ? ಏನಾಗಿದೆ ನಿಂಗೆ?’

ನಾನು ಗಾಡಿ ಬಿಟ್ಟು ನಡೆದು ತೋರಿಸಿದೆ. ಪಟಾರ್, ಪಟಾರ್. ಅವಳ ಮುಖ ಬಿಳಿಚಿಕೊಂಡಿತು. ಟೂರೆ ಅವಳಿಗೂ ನೆನಪಾದ. ಆಮೇಲೆ ಬೇರೆಯದೇ ದನಿಯಲ್ಲಿ ಕೇಳಿದಳು: ‘ಈ ವರ್ಷ ಹೋಗಿದ್ಯಾ ಅಲ್ಲಿಗೆ? ಮನೇಲಿ ಓದ್ತಿದ್ದೆ ಅಂದ್ಯಲ್ಲ?’

‘ಹೋಗಿದ್ದೆ.’

‘ಹೇಗೆ ಕಿತ್ತೆ? ಬಗ್ಗಿಯಾ, ಕೂತಾ?’

‘ರಸ್ತೇಲಿ ಯಾರದೋ ಮೊಪೆಡ್ ಓಡಾಡ್ತಿತ್ತು ಕಣೆ. ತಲೆ ಕಾಣಿಸ್ಬಾರ್ದು ಅಂತ ಗಿಡಗಳ ಹಿಂದೆ ಕುಕ್ಕರಗಾಲಲ್ಲೇ ಸರೀತಿದ್ದೆ.’

‘ಎಷ್ಟು ಹೊತ್ತು?’

‘ದಿನವಿಡೀ. ಆ ವಾರ ಪೂರ್ತಿ.’

‘ಕೂತ್ಕೋ. ಪ್ಯಾಂಟು ಎತ್ತು’ ಎಂದಳು. ಮೊಣಕಾಲಿನ ಹೊರಮಗ್ಗುಲಲ್ಲಿ, ಕೆಳಗಡೆ ಒಂದು ಮೂಳೆಯ ಗಂಟಿದೆಯಲ್ಲ, ಅದರ ಹಿಂದೆ ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಪಾದದ ಬೆನ್ನಿನವರೆಗೂ ಜುಮ್ಮೆಂದಿತು. ಇನ್ನೊಮ್ಮೆ ತಟ್ಟಿದಳು, ಇನ್ನೊಮ್ಮೆ ಜುಮ್ಮೆಂದಿತು. ‘ನರ ಅದುಮಿ ಹೋಗಿದೆ ಕಣೋ ಪೆದ್ದ! ಹಣ್ಣು ಕೀಳೋರ ಕಾಲು! ಪ್ರತಿ ವರ್ಷ ಹೊಸ ಹುಡುಗೀರಿಗೆ ಈ ಪಾಠ ಮಾಡೋನು ನೀನೇ ಅಲ್ವಾ?’

ನಾನೇ. ಪಾದ ಜೋತುಬಿದ್ದವರನ್ನು ಮೊದಲು ಕೇಳಿ, ಕುಕ್ಕರಗಾಲಲ್ಲಿ ಕೂತಿದ್ದಿರಾ ಎಂದು, ಹೀಗೆ ಎಷ್ಟು ಜನಕ್ಕೆ ಕಲಿಸಿಲ್ಲ? ಆದರೆ ಮನೆಯಲ್ಲಿ ಓದುತ್ತಿದ್ದೆ ಎಂದು ಎಲ್ಲರಿಗೂ ಹೇಳಿ ಹೇಳಿ, ನನ್ನ ಕಾಲೂ ಮನೆಯಲ್ಲೇ ಇತ್ತೆಂದು ನಾನೇ ನಂಬಿಬಿಟ್ಟಿದ್ದೆ.

ನಾನು ಅತ್ತೆ. ಅವಳೂ ಅತ್ತಳು, ಆದರೆ ಬೈಯುತ್ತಾ ಅತ್ತಳು. ಆಮೇಲೆ ಅವಳೇ ನರದ ಪರೀಕ್ಷೆಗೆ ಬೇಗ ದಿನ ಗೊತ್ತುಮಾಡಿಸಿದಳು, ಅಲ್ಲಿಯೂ ಅದೇ ಮಾತು ಬಂತು. ಆ ಸಂಜೆ ಮನೆಯ ಮೆಟ್ಟಿಲ ಮೇಲೆ ಕೂತು ಸುಮ್ಮನೆ ಗಾಳಿ ಎಳೆದುಕೊಂಡೆ. ಎದೆಯ ಮೇಲಿನ ಚಪ್ಪಡಿ ಇಳಿದಿತ್ತು. ಪಾದ ಜೋತೇ ಇತ್ತು, ಆದರೆ ಅದು ಬರೀ ಪಾದವಾಗಿತ್ತು. ಚಳಿಗಾಲವಿಡೀ ಗುಡ್ರುನ್ ನನ್ನನ್ನು ನಮ್ಮದೇ ಮಂಚದ ಮೇಲೆ ಕೂರಿಸಿ ಕಾಡಿದಳು. ಹೆಬ್ಬೆರಳು ಮೊದಲ ಸಲ ಅಲ್ಲಾಡಿದ ದಿನ ಚಿಕಿತ್ಸಾಲಯದಲ್ಲಿ ಯಾರೋ ಚಪ್ಪಾಳೆ ತಟ್ಟಿದಿರಿ. ಯಾರೆಂದು ನೋಡಲಿಲ್ಲ, ಕಣ್ಣು ಮಂಜಾಗಿತ್ತು.

ಕಾಲು ಸರಿಯಾದ ಮೇಲೆ ಬುದ್ಧಿ ಮತ್ತೆ ಕೆಟ್ಟಿತು. ಒಂದು ದಿನ ಮೆಲ್ಲಗೆ ಹೇಳಿದೆ: ‘ಗುಡ್ರುನ್, ಆ ಜಾಗ... ಮರೆತುಬಿಡ್ತೀಯಾ?’ ಅವಳು ನಕ್ಕಳು. ‘ಸಾಯೋಕೆ ಹೊರಟಾಗ ಕೊಟ್ಟಿದ್ದನ್ನ ಬದುಕಿದ್ಮೇಲೆ ವಾಪಸ್ ಕೇಳ್ತಾರೇನೋ?’ ಎಂದಳು. ನನಗೆ ನಾಚಿಕೆಯಾಯಿತು. ಅಷ್ಟೇ ಅಲ್ಲ ಸಭಿಕರೇ, ಆ ರಾತ್ರಿ ಮಲಗಿ ಎದ್ದ ಮೇಲೆ ಹೊಳೆಯಿತು: ಇಡೀ ಆಯುಸ್ಸು ಪಕ್ಕದಲ್ಲೇ ಕೆಲಸ ಮಾಡಿದವಳಿಗೆ ಒಂದು ಮಾತು ಹೇಳಲು ನನಗೆ ಸಾವೇ ಬರಬೇಕಾಯಿತು.

ಗುಡ್ರುನ್, ನಾಳೆಯಿಂದ ನೀನು ಕೆಲಸಕ್ಕೆ ಬರುವುದಿಲ್ಲ. ಈ ಮೂರು ವಾರದಿಂದ ನನಗೆ ಅದೇ ಯೋಚನೆ. ಆದ್ದರಿಂದ ಎಲ್ಲರ ಎದುರಿಗೆ ಹೇಳುತ್ತೇನೆ. ಆ ಜಾಗವನ್ನು ಅಂದು ಸಾಯುತ್ತೇನೆಂದು ಕೊಟ್ಟಿದ್ದೆ. ಇವತ್ತು ಬದುಕಿದ್ದೇನೆಂದು ಕೊಡುತ್ತಿದ್ದೇನೆ. ಮುಂದಿನ ತಿಂಗಳು ಹಣ್ಣಾಗುತ್ತದೆ. ಇಬ್ಬರೂ ಹೋಗೋಣ, ಕೂರಲು ಎರಡು ಮಣೆ ಹಾಕಿಕೊಂಡು. ಬರ್ತೀಯಾ? ಮನಸ್ಸು ಮಾಡಿ ಹೇಳು, ಅವಸರವಿಲ್ಲ.

...ತಲೆಯಾಡಿಸುತ್ತಿದ್ದಾಳೆ. ಹೌದೆಂದೇ ಆಡಿಸುತ್ತಿದ್ದಾಳೆ. ನೀವೆಲ್ಲ ನೋಡಿದಿರಲ್ಲ?

ನನ್ನ ಮಾತು ಮುಗಿಯಿತು. ಅಧ್ಯಕ್ಷರಿಗೆ, ಅತಿಥಿಗಳಿಗೆ, ಬನ್ನು ಸುಟ್ಟುಕೊಟ್ಟ ಎಲ್ಲರಿಗೂ ಕೃತಜ್ಞತೆಗಳು. ಕೊನೆಯದಾಗಿ ಒಂದು ವಿನಂತಿ: ಜುಲೈ ಕೊನೆಯಲ್ಲಿ ನಮ್ಮ ಕಾರಿನ ಹಿಂದೆ ಯಾರೂ ಬರಕೂಡದು. ಡಾಕ್ಟರೇ, ನಿಮಗೂ ಸೇರಿಸಿಯೇ ಹೇಳಿದ್ದು. ಎಲ್ಲರಿಗೂ ನಮಸ್ಕಾರ.