ಧೂಳಪ್ಪನ ಉಡದಾರ

ಇದು ನಮ್ಮ ಸೋದರತ್ತೆಯ ಮಗ ಅಮಸಿದ್ದನಿಗೆ ಆದದ್ದು. ಜೀತ ರದ್ದಾಯಿತೆಂದು ಡಂಗುರ ಹೊಡೆದ ವರ್ಷ, ಗೊಳಸಂಗಿ ಕಡೆ.

ಬಾಗೇವಾಡಿ ಸಂತೆ ಮುಗಿಸಿ ಬರುವಾಗ ಕತ್ತಲಾಗಿತ್ತು. ಗೌಡರ ಬಾವಿಯ ಹತ್ತಿರ ಕೇಳಿಸಿತು... ಕಿರ್... ಕಿರ್... ನೀರೆತ್ತುವ ಗಾಲಿ. ಹಿಂದೆಯೇ ತೊಗಲಿನ ಚೀಲದಿಂದ ನೀರು ಧಬ್ಬನೆ ಸುರಿದ ಸದ್ದು. ಎತ್ತುಗಳಿರಲಿಲ್ಲ. ಹಗ್ಗವನ್ನು ಹೆಗಲಿಗೆ ಹಾಕಿ ಎಳೆಯುತ್ತಿದ್ದವನು ಅವನ ಅಣ್ಣ ಧೂಳಪ್ಪ.

ಧೂಳಪ್ಪ ಸಣ್ಣಂದಿನಿಂದ ಗೌಡರ ಜೀತದಾಳು. ಹಿಂದಿನ ಅಮಾಸೆಗೆ ಜ್ವರದಿಂದ ತೀರಿಕೊಂಡಿದ್ದ. ಮಣ್ಣು ಮಾಡುವ ಮೊದಲು ಸೊಂಟದ ಕರಿ ಉಡದಾರ ಹರಿಯಬೇಕು, ಇಲ್ಲದಿದ್ದರೆ ಜೀವ ಮೈಯನ್ನು ಬಿಟ್ಟು ಹೋಗುವುದಿಲ್ಲ ಎನ್ನುತ್ತಾರೆ. ಅಂದು ಜೋರು ಮಳೆ. ಕಂಬಳಿ ಸುತ್ತಿದಂತೆಯೇ ಇಳಿಸಿಬಿಟ್ಟರು. ಉಡದಾರ ಉಳಿಯಿತು. ಅದಕ್ಕೆ ಕಟ್ಟಿದ್ದ ಗೌಡರ ಕೊಟ್ಟಿಗೆಯ ಕೀಲಿಕೈಯೂ ಉಳಿಯಿತು. ಇದು ನೆನಪಾದಂದಿನಿಂದ ತಾಯಿ ಸಾತವ್ವ ರೊಟ್ಟಿ ಮುಟ್ಟಿರಲಿಲ್ಲ.

“ಯಣ್ಣಾ...” ಅಮಸಿದ್ದ ಪಿಸುಗುಟ್ಟಿದ. “ನೀ ಸತ್ತೀದಿ.”

“ಗೊತ್ತೈತಿ.”

“ಮತ್ತ ಇಲ್ಲ್ಯಾಕ?”

“ಉಳ್ಳಾಗಡ್ಡಿಗೆ ನೀರ ಹಾಯಸ್ಬೇಕು.”

“ಸತ್ತರೂ ಗೌಡನ ಉಳ್ಳಾಗಡ್ಡಿ ಚಿಂತಿ! ಮಳ್ಳ... ಡಂಗುರಾ ಕೇಳಿಲ್ಲೇನು? ಜೀತ ಹೋಗೇತಿ.”

“ಕೇಳೇನಿ. ಹೆಗಲ ಕೇಳವಲ್ಲದು.”

ಅಮಸಿದ್ದ ಸೊಂಟದ ಕುಡಗೋಲು ತೆಗೆದ. “ತಡಿ, ಉಡದಾರ ಹರೀತೇನಿ. ಅವ್ವ ಉಪಾಸ ಅದಾಳ.”

ಗಾಲಿ ನಿಂತಿತು.

“ಬ್ಯಾಡ. ಗೌಡ ಕಟ್ಟಿದ. ಸರಕಾರ ಬಿಡಿಸ್ತು. ಈಗ ನೀ ಹರೀತೀದಿ... ನನ್ನ ಕೈಲೆ ನಾ ಏನ ಮಾಡಿದೆ, ತಮ್ಮಾ?”

ಅಮಸಿದ್ದನ ಕೈ ಇಳಿಯಿತು. “ಹಂಗಾರ ನೀನ ಬಿಚ್ಚು.”

ಬಾವಿಯೊಳಗೆ ಹನಿ ತೊಟ್ಟಿಕ್ಕುತ್ತಿತ್ತು... ತಟಕ್... ತಟಕ್...

“ಬಿಚ್ಚಿ... ಎಲ್ಲಿಗೆ ಹೋಗ್ಲೋ?”

ಅಮಸಿದ್ದ ಕುಡಗೋಲನ್ನು ಸೊಂಟಕ್ಕೆ ಸಿಕ್ಕಿಸಿದ. ತಿರುಗಿ ನೋಡದೆ ನಡೆದ. ಬೆನ್ನ ಹಿಂದೆ ಮತ್ತೆ ಕಿರ್... ಕಿರ್... ಆಲದ ಮರದ ತನಕ ಕೇಳಿಸಿತು. ಆಮೇಲೆ ಇಲ್ಲ.

ಬೆಳಿಗ್ಗೆ ಸಾತವ್ವ ಬಾಗಿಲು ತೆಗೆದಾಗ ಹೊಸ್ತಿಲ ಮೇಲೆ ಕೀಲಿಕೈ ಇತ್ತು. ಊರವರು ಹೋಗಿ ನೋಡಿದರು, ಗೋರಿಯ ಮಣ್ಣು ಕದಲಿರಲಿಲ್ಲ. ಗೌಡರು ಆಗಲೇ ಹೊಸ ಕೀಲಿ ಹಾಕಿಸಿದ್ದರು. ಆ ಕೀಲಿಕೈ ಯಾರಿಗೂ ಬೇಕಾಗಿರಲಿಲ್ಲ.

ಅದು ಈಗಲೂ ಸಾತವ್ವನ ಮನೆಯ ಗೋಡೆಯ ಮಾಡದಲ್ಲಿದೆ. ನಂಬದವರು ಹೋಗಿ ನೋಡಬಹುದು. ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಉಡದಾರದ ಕರಿ ದಾರ ಅದರಲ್ಲೇ ಇದೆ. ಹರಿದದ್ದಲ್ಲ, ಕೊಯ್ದದ್ದಲ್ಲ. ಗಂಟು ಬಿಚ್ಚಿದ್ದು.