ಬಾಟಲಿಯಲ್ಲಿ ನಿಕೋಟಿನ್ ಇಲ್ಲವೆಂಬ ದೂರಿನ ಬಗ್ಗೆ

ಹೆಸರು: ತೆಯೊದುಲೊ ಮಗ್ಬಾನುವಾ. ವಯಸ್ಸು: 61 ವರ್ಷ. ಕೆಲಸ: ಪ್ರಯಾಣಿಕರ ಯಂತ್ರದೋಣಿ ನಡೆಸುವುದು. ವಾಸ: ದೋಣಿಕಟ್ಟೆಯ ಹಿಂದಿನ ಓಣಿ, ಹೋರ್ದಾನ್, ಗಿಮಾರಾಸ್ ದ್ವೀಪ, ಫಿಲಿಪ್ಪೀನ್ಸ್.

ಈ ದಿನ ಬೆಳಿಗ್ಗೆ ನಾನೇ ಕೊಟ್ಟ ದೂರನ್ನು ಹಿಂದಕ್ಕೆ ಪಡೆಯುವ ಸಲುವಾಗಿ ಠಾಣೆಯಲ್ಲಿ ಕುಳಿತು, ಯಾರ ಒತ್ತಾಯವೂ ಇಲ್ಲದೆ ಹೇಳಿ ಬರೆಸಿದ್ದೇನೆಂದರೆ:

ನಾನು 36 ವರ್ಷಗಳಿಂದ ದಿನಕ್ಕೆ ಒಂದೂವರೆ ಪ್ಯಾಕ್ ಸಿಗರೇಟು ಸೇದುತ್ತಿದ್ದೆನು. ಕಳೆದ ನವೆಂಬರ್ 2ರಂದು ಲಂಗರು ಎಳೆಯುವಾಗ ಕೆಮ್ಮು ಹತ್ತಿ, 4 ನಿಮಿಷವಾದರೂ ನಿಲ್ಲದೆ, 22 ಪ್ರಯಾಣಿಕರ ಎದುರು ಹಲಗೆಯ ಮೇಲೆ ಕುಳಿತುಬಿಟ್ಟೆನು. ಲಂಗರನ್ನು ಒಬ್ಬ ಟೀಚರಮ್ಮ ಎಳೆದರು. ಈ ಸುದ್ದಿ ನಾನು ಮನೆ ಮುಟ್ಟುವ ಮೊದಲೇ ನನ್ನ ಪತ್ನಿಗೆ ಮುಟ್ಟಿತ್ತು.

ನನ್ನ ಪತ್ನಿ ಸಾಲ್ವಿಂಗ್, 58 ವರ್ಷ, ಸಂತೆಕಟ್ಟೆಯಲ್ಲಿ ಒಣಮೀನು ಮಾರುತ್ತಾಳೆ. ಮಾರನೆಯ ದಿನ ತನ್ನ ಪಕ್ಕದ, ನಮ್ಮನ್ನು ಮಾವ-ಅತ್ತೆ ಎಂದು ಕರೆಯುವ ಡಿಂಡೊ ತುಪಾಸ್ ಎಂಬುವನ ಅಂಗಡಿಯಿಂದ ನನಗೆ ಸಿಗರೇಟಿನ ಬದಲು ಹಬೆ ಎಳೆಯುವ ಒಂದು ವೇಪ್ ಮತ್ತು ಮಾವಿನ ವಾಸನೆಯ ದ್ರವದ ಬಾಟಲಿ ತಂದುಕೊಟ್ಟಳು. ಬಾಟಲಿಯ ಮೇಲೆ ನಿಕೋಟಿನ್ 12 ಮಿ.ಗ್ರಾಂ ಎಂದು ಬರೆದಿತ್ತು. ಅಂದಿನಿಂದ ನಾನು ಸಿಗರೇಟು ಮುಟ್ಟಿರುವುದಿಲ್ಲ. ದ್ರವ ಮುಗಿದಾಗಲೆಲ್ಲ ಅದೇ ಬಾಟಲಿಯನ್ನು ಪತ್ನಿಯೇ ಒಯ್ದು ತುಂಬಿಸಿ ತರುತ್ತಿದ್ದಳು.

ಈ ದಿನ ಬೆಳಿಗ್ಗೆ 8-15ಕ್ಕೆ ದೋಣಿಕಟ್ಟೆಯಲ್ಲಿ ಇನ್ನೊಬ್ಬ ದೋಣಿಯವನಾದ ಕ್ರಿಸ್ಪಿನ್ ನನ್ನ ವೇಪ್ ಇಸಿದುಕೊಂಡು ಎರಡು ಸಲ ಎಳೆದು, "ದುಲೊ, ಇದ್ರಲ್ಲಿ ಏನೂ ಇಲ್ಲ ಕಣೋ, ಬರೀ ಮಾವಿನಹಣ್ಣಿನ ಹಬೆ" ಎಂದನು. ನಾನು ನಂಬಲಿಲ್ಲ. ಪಕ್ಕದಲ್ಲಿದ್ದ ಇನ್ನಿಬ್ಬರೂ ಎಳೆದು ನೋಡಿ ಅದನ್ನೇ ಹೇಳಿ ನಕ್ಕರು.

8-50ಕ್ಕೆ ನಾನು ಡಿಂಡೊ ಅಂಗಡಿಗೆ ಹೋಗಿ ಕೇಳಲಾಗಿ, ಅವನು ತಲೆ ತಗ್ಗಿಸಿ, ಮನೆಯಲ್ಲೇ ಕೇಳಿ ಮಾವ ಎಂದನು. ಸಿಕ್ಕಿಬಿದ್ದ ಕಳ್ಳನ ಮಾತು ಇದು ಎಂದು ನನಗೆ ಅನ್ನಿಸಿತು. ಅಲ್ಲಿಂದ 350 ಮೀಟರ್ ದೂರದ ಈ ಠಾಣೆಗೆ ನಡೆದುಬಂದು, ಅಂಗಡಿಯವನು ಕಲಬೆರಕೆ ಮಾಲು ಕೊಟ್ಟು ಮೋಸ ಮಾಡಿದ್ದಾನೆಂದು ದೂರು ಕೊಟ್ಟೆನು. ದಾರಿಯಲ್ಲಿ ಎಲ್ಲೂ ನಿಂತಿರುವುದಿಲ್ಲ.

9-30ಕ್ಕೆ ಸಾರ್ಜೆಂಟ್ ರೊವೆನಾ ಮೇಡಂ ಅವರು ವೇಪ್ ಹಾಗೂ ಬಾಟಲಿಯನ್ನು ಪುರಾವೆಯೆಂದು ತೆಗೆದಿಟ್ಟುಕೊಂಡರು. ಅದಿಲ್ಲದಿದ್ದರೆ ನನಗೆ ತಲೆನೋವು ಬರುತ್ತದೆಂದು ಮೊದಲೇ ತಿಳಿಸಿದ್ದೆನು. ಹೇಳಿದಂತೆ 10 ಗಂಟೆಗೆ ತಲೆನೋವು ಬಂದಿತು. ವಾಪಸು ಕೊಡಿರೆಂದು ಮೂರು ಸಲ ಕೇಳಿದೆನು.

10-40ಕ್ಕೆ ಡಿಂಡೊನನ್ನು ಕರೆಸಿದರು. ಅವನ ಹಿಂದೆಯೇ ನನ್ನ ಪತ್ನಿ, ಮೀನಿನ ಏಪ್ರನ್ ಸಹ ಬಿಚ್ಚದೆ ಬಂದಳು. ಡಿಂಡೊ ತನ್ನ ಮಾಲು ಶುದ್ಧವೆಂದೂ, 12 ಆದ ಮೇಲೆ 6, ಆಮೇಲೆ 3 ಎಂದು ಸಾಲ್ವಿಂಗ್ ಅತ್ತೆಯೇ ಕೇಳಿ ಒಯ್ದರೆಂದೂ, ಮೇ 7ರಿಂದ ನಿಕೋಟಿನ್ ಸೊನ್ನೆಯದನ್ನೇ ಕೊಡುತ್ತಿದ್ದೇನೆಂದೂ, ಯಾರಿಗೂ ಹೇಳುವುದಿಲ್ಲವೆಂದು ಅತ್ತೆಗೆ ಮಾತು ಕೊಟ್ಟಿದ್ದೆನೆಂದೂ ತಿಳಿಸಿದನು. ಎಲ್ಲವನ್ನೂ ನನ್ನ ಹಳೆಯ ಬಾಟಲಿಗೇ ಸುರಿಯುತ್ತಿದ್ದುದಾಗಿ ಪತ್ನಿ ಒಪ್ಪಿಕೊಂಡಳು.

ಮೇ 7ರಿಂದ ಇಂದಿಗೆ 94 ದಿನ ಆಗುತ್ತದೆಂದು ಮೇಡಂ ಅವರು ಕ್ಯಾಲೆಂಡರ್ ನೋಡಿ ಹೇಳಿದರು. ನಾನು ಇನ್ನೊಮ್ಮೆ ಎಣಿಸಿರೆಂದು ಕೇಳಿದೆನು. ಇನ್ನೊಮ್ಮೆ ಎಣಿಸಿದರು. 94 ಸರಿಯಿತ್ತು. ಸ್ವಲ್ಪ ಹೊತ್ತಿನಲ್ಲಿ, ಅಂದರೆ 11-10ರ ಸುಮಾರಿಗೆ, ನನ್ನ ತಲೆನೋವು ನಿಂತಿತು.

ಆದರೂ ನನಗೆ ಸಿಟ್ಟು ಬಂದು, ಕಟ್ಟಿಕೊಂಡ ಗಂಡನಿಗೇ ಹೀಗೆ ಮೋಸ ಮಾಡಬಹುದೇ ಎಂದು ಎಲ್ಲರೆದುರು ಕೇಳಿದೆನು. ಅದಕ್ಕೆ ಪತ್ನಿ ಹೇಳಿದ್ದನ್ನು ಅವಳು ಹೇಳಿದಂತೆಯೇ ಬರೆದುಕೊಳ್ಳಬೇಕೆಂದು ಕೋರುತ್ತೇನೆ: "ಮೂವತ್ತಾರು ವರ್ಷ ನೀನು 'ಇದೇ ಕೊನೇದು ಸಾಲ್ವಿಂಗ್' ಅಂತ ಹೇಳ್ದೆ. ಪ್ರತಿ ಸಲಾನೂ ನಾನು ನಂಬ್ದೆ. ನಾನು ಮೂರು ತಿಂಗಳು ಒಂದು ಸುಳ್ಳು ಹೇಳಿದ್ರೆ ಪೊಲೀಸ್ ಹತ್ರ ಬರ್ತೀಯಾ? ಹೇಳಿದ್ರೆ ನೀನು ಬಿಡ್ತಿದ್ಯಾ?"

ಮೇಡಂ ಅವರು ನನ್ನನ್ನು ನೋಡದೆ ಕಿಟಕಿಯ ಕಡೆ ನೋಡಿದರು. ಡಿಂಡೊ ನನಗೆ ನೀರು ತಂದುಕೊಟ್ಟನು. ಅವನನ್ನು ಕಳ್ಳನೆಂದು ತಿಳಿದದ್ದು ನನ್ನ ತಪ್ಪೆಂದು ಒಪ್ಪಿ ಕೈ ಕುಲುಕಿರುತ್ತೇನೆ. ಪುರಾವೆಯನ್ನು ವಾಪಸು ಒಯ್ಯುತ್ತೀರಾ ಎಂದು ಮೇಡಂ ಕೇಳಿದ್ದಕ್ಕೆ, ಠಾಣೆಯಲ್ಲೇ ಇರಲಿ ಎಂದೆನು.

ಇನ್ನೊಂದು ವಿಷಯ. ಹೊಗೆಯ ಚಟ ಪೂರ್ತಿ ಬಿಡುವವರೆಗೆ ನನ್ನ ದೋಣಿ ಹತ್ತುವುದಿಲ್ಲವೆಂದು ಪತ್ನಿ ಎಂಟು ವರ್ಷಗಳ ಹಿಂದೆ ಹಟ ಹಿಡಿದಿದ್ದು, ಆಚೆ ದಡದ ಇಲೊಯ್ಲೊದಲ್ಲಿರುವ ತನ್ನ ತಂಗಿಯ ಮನೆಗೆ ಇದುವರೆಗೂ ಕ್ರಿಸ್ಪಿನ್‌ನ ದೋಣಿಯಲ್ಲೇ ಹೋಗಿಬರುತ್ತಿದ್ದಳು. ಈಗ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾಳೆ. ಇಂದು ಒಂದು ಗಂಟೆಗೆ ಹೊರಡುವ ನನ್ನ ದೋಣಿಯಲ್ಲಿ, ಮುಂದಿನ ಹಲಗೆಯಲ್ಲಿ ಜಾಗ ಬೇಕೆಂದು ಹೇಳಿರುತ್ತಾಳೆ. ಆದ್ದರಿಂದ ನನ್ನಿಂದ ಬೇಗ ಸಹಿ ಹಾಕಿಸಿಕೊಳ್ಳಬೇಕಾಗಿ ವಿನಂತಿ.

ಬರೆದದ್ದನ್ನು ನನಗೆ ಓದಿ ಕೇಳಿಸಿದ್ದಾರೆ. ನಾನು ಹೇಳಿದಂತೆಯೇ ಇದೆ. ಯಾರ ಮೇಲೂ ನನ್ನ ದೂರು ಇರುವುದಿಲ್ಲ.

ಸ್ಥಳ: ಹೋರ್ದಾನ್ ಠಾಣೆ
ದಿನಾಂಕ: 9 ಆಗಸ್ಟ್ 2024, ಮಧ್ಯಾಹ್ನ 12-35
ಸಹಿ: ತೆಯೊದುಲೊ ಮಗ್ಬಾನುವಾ